ನಾಮಕರಣ

ಪಿಟ್ಸ್‌ಬರ್ಗಿನ ಹದಿನೇಳನೇ ಮಹಡಿಯಲ್ಲಿ
ಬೂದಿಗೆ ಹೆಸರಿಡಲು ಕೂತೆವು, ನಾಲ್ವರು.
ತೊಟ್ಟಿಲಿರಲಿಲ್ಲ. ಉದ್ದನೆಯ ಮೇಜು,
ಆರಿದ ಕಾಫಿ, ಬಿಳಿ ಹಲಗೆ,
ಹಲಗೆಯಲ್ಲಿ ಹಿಂದಿನ ಗಿರಾಕಿಯ, ಯಾವುದೋ ನಾಯಿಬಿಸ್ಕತ್ತಿನವನ,
ಒರೆಸಿದರೂ ಹೋಗದ ನೀಲಿ ಬಾಲ.

ಕಲ್ಲಿದ್ದಲು ಸುಟ್ಟರೆ ಉಳಿಯುವುದು ಬೂದಿ,
ಹಸುಗೂಸಿಗೂ ಗೊತ್ತು.
ಅರವತ್ತು ವರ್ಷದ್ದು, ನೀರು ಬೆರೆಸಿ ನಿಲ್ಲಿಸಿದ್ದು,
ಒಹಾಯೊ ನದಿಯ ದಂಡೆಗೆ,
ಹ್ಯಾರೋಸ್ ಬೆಂಡ್ ಎಂಬ ಊರಿನ ನೆತ್ತಿಗೆ.
ಒಡ್ಡು ಬೆವರುತ್ತಿತ್ತು. ಬೆವರು ಎಂಬ ಮಾತನ್ನೂ
ನಮ್ಮ ಕಡತದಲ್ಲಿ ಕೆಂಪು ಶಾಯಿ ಹೊಡೆದುಹಾಕಿತ್ತು.

ಕರೀನ್ ಹ್ಯಾಸ್ಲೆಟ್ ಅಂದಳು: ಬೂದಿ ಎಂದರೆ ಸಾವು,
ಹೆಣ, ಹೊಗೆ, ಅಜ್ಜನ ಸಿಗರೇಟು.
ಜನ ಓಟು ಹಾಕುವುದು ಮೂಗಿನಿಂದ.
ವಾಸನೆಯಿಲ್ಲದ ಪದ ಹುಡುಕಿ.

ಹುಡುಕಿದೆವು. 'ಉಪಶೇಷ': ಔಷಧದಂಗಡಿಯ ಘಾಟು.
'ನದೀಪುಡಿ': ಕರೀನ್ ನಕ್ಕಳು, ನಾನೂ ನಕ್ಕೆ.
ಮೂರೂವರೆಗೆ, ಹಸಿವಿನಲ್ಲಿ, ನಾನು ಅಂದೆ:
'ಮರುಖನಿಜ.'
ಯಾರೂ ಉಸಿರೆತ್ತಲಿಲ್ಲ.
ಕರೀನ್ ಅದನ್ನು ಮೂರು ಸಲ ಹೇಳಿ ನೋಡಿದಳು,
ಕೂಸಿನ ಕಿವಿಯಲ್ಲಿ ಸೋದರತ್ತೆ ಹೇಳುವ ಹಾಗೆ.

ಕೊಳ ಸರೋವರವಾಯಿತು. ಸೋರಿಕೆ 'ಸಂಚಾರ'ವಾಯಿತು.
ಒಂದು ಸಂಘ ಹುಟ್ಟಿತು, 'ನದೀತೀರದ ನೆರೆಹೊರೆ',
ವಿಳಾಸ ನಮ್ಮದೇ, ಮಹಡಿ ಮಾತ್ರ ಒಂದು ಕೆಳಗೆ.
ಮಕ್ಕಳಿಗೆ ಬಣ್ಣ ತುಂಬುವ ಪುಸ್ತಕ: ನಗುವ ಆಮೆ,
ನಗುವ ಚಿಮಣಿ. ಬಳಪದ ಪೆಟ್ಟಿಗೆಯಲ್ಲಿ
ಬೂದು ಬಣ್ಣ ಬೇಡ ಎಂದವನು ನಾನೇ.
ಆ ಸೂಚನೆಗೆ ಒಂದು ಜಿನ್ ಬಾಟಲಿ ಬಂತು.

ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ,
ನಾವು ಮುಚ್ಚಿದ್ದು ಬೂದಿಯನ್ನೇ.
ಕೆಂಡ ಎಂದೋ ಬೆಳಕಾಗಿ, ಬಿಸಿನೀರಾಗಿ
ಮನೆಮನೆ ಸೇರಿ ಮುಗಿದಿತ್ತು.

ಮಾರ್ಚಿನಲ್ಲಿ ವಿಚಾರಣೆ, ಶಾಲೆಯ ಆಟದ ಹಾಲಿನಲ್ಲಿ,
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮೂವರು ಅಧಿಕಾರಿಗಳು.
ನಮ್ಮವರು ಎರಡು ಬಸ್ಸು, ಹಸಿರು ಅಂಗಿ,
ಅಂಗಿಗೆ ಇನ್ನೂ ಅಂಗಡಿಯ ಮಡಿಕೆ.
ಒಬ್ಬ ಹುಡುಗ ಚೀಟಿ ನೋಡಿ ಓದಿದ:
'ನಾನು ಹುಟ್ಟಿ ಬೆಳೆದ ಊರು...'
ಊರಿನ ಹೆಸರು ಬಂದಾಗ ತೊದಲಿದ.
ಹಿಂದಿನ ಬೆಂಚಿನಿಂದ ಊರವರು ಯಾರೋ
ಮೆಲ್ಲಗೆ ಹೇಳಿಕೊಟ್ಟರು, ಪಾಪ ಎಂದು.

ಆಮೇಲೆ ವಿಲ್ಮಾ ಕೊವಾಲ್ಚಿಕ್ ಎದ್ದಳು.
ಎಪ್ಪತ್ತೊಂದು. ಶಾಲೆಯ ಬಸ್ಸು ಓಡಿಸಿದವಳು.
ಮೈಮೇಲೆ ಗಂಡನ ಕೋಟು, ಕೈಯಲ್ಲಿ
ಉಪ್ಪಿನಕಾಯಿ ಬಾಟಲಿ ತುಂಬ ಬಾವಿನೀರು.
ಪೆನ್ನು ಹಿಡಿದು ಕಾದೆ: ಈಗ ಬೂದಿ ಅನ್ನುತ್ತಾಳೆ,
ವಿಷ ಅನ್ನುತ್ತಾಳೆ, ಕೂಗುತ್ತಾಳೆ,
ನಾಳೆ ನಾವು 'ಭಾವಾವೇಶ' ಎಂದು ಬರೆಯಬಹುದು.

ಅವಳು ಅಂದಳು: 'ನನ್ನ ಬಾವಿಗೆ ಮರುಖನಿಜ ಇಳಿದಿದೆ.
ಮೊಮ್ಮಗಳ ಕೂದಲಲ್ಲಿ ಮರುಖನಿಜ ಸಿಕ್ಕಿದೆ.
ದಯವಿಟ್ಟು ನಿಮ್ಮ ಮರುಖನಿಜ
ತೆಗೆದುಕೊಂಡು ಹೋಗಿ.'

ಅಣಕವಿರಲಿಲ್ಲ. ಹುಡುಕಿದೆ,
ಮುಖದ ಸುಕ್ಕು ಸುಕ್ಕಿನಲ್ಲೂ ಹುಡುಕಿದೆ.
ಅಧಿಕಾರಿ ತಲೆಯಾಡಿಸಿ ಬರೆದುಕೊಂಡ,
ಖನಿಜವೆಂದರೆ ಒಳ್ಳೆಯದೇ ತಾನೇ ಎಂಬಂತೆ.

ಮಾತು ಆಡಿದರೆ ಹೋಯಿತು ಎಂದು ನಂಬಿದ್ದೆ.
ಹೋಗಿರಲಿಲ್ಲ ಅದು. ಎಪ್ಪತ್ತು ಮೈಲಿ ನಡೆದು
ಅವಳ ಅಡುಗೆಮನೆ ಹೊಕ್ಕು, ನಾಲಿಗೆಯ ಮೇಲೆ ಕೂತು,
ಅಲ್ಲಿದ್ದ ಹಳೆಯ ಪದವನ್ನು ತಿಂದುಹಾಕಿತ್ತು.
ದೂರಲು ಬಾಯಿ ಬಿಟ್ಟರೆ
ಒಳಗಿದ್ದದ್ದು ನಾವು.

ನಾಮಕರಣ ಎಂದುಕೊಂಡಿದ್ದೆ.
ಊರಿಗೆ ಊರಿಗೇ ನಾಮ ಹಾಕಿದ್ದೆ.

ಹಿಂದಿರುಗುವಾಗ ಪೆಟ್ರೋಲ್ ಬಂಕಿನಲ್ಲಿ
ಆ ಹಸಿರು ಅಂಗಿಯ ಹುಡುಗ ಕಾರಿನ ಗಾಜು ಮುಟ್ಟಿ,
ಬೆರಳು ತೋರಿಸಿ ಕೇಳಿದ: ಇದೇನು ಸಾರ್, ಬೂದುಬೂದು?
ಬಾಯಿಗೆ ಬಂದ ಮೊದಲ ಪದ ನನ್ನದೇ.
ಎರಡನೆಯದಕ್ಕೆ ಕಾದೆ. ಬರಲಿಲ್ಲ.

ತಿಂಗಳ ಕೊನೆಗೆ ಲೆಕ್ಕದ ಹಾಳೆ ತುಂಬಿದೆ:
ಹ್ಯಾರೋಸ್ ಬೆಂಡ್. ಜನರನ್ನು ಆಲಿಸಿದ್ದು.
ಎರಡೂವರೆ ತಾಸು.